ಸಣ್ಣ ಕೆರೆಯಲ್ಲಿ ಗುಂಪಾಗಿ ಫ್ಲೈ ಗಾಳ: ಪುಣೆಯ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ಪುಣೆಯಲ್ಲಿ ನೆಲೆಸಿರುವ ಕನ್ನಡ ಗೆಳೆಯರು ಫ್ಲೈ ಗಾಳ, ಅಂದರೆ ಹುಸಿ ಕೀಟ ಕಟ್ಟಿದ ಗಾಳ, ಹಾಕಲೆಂದು ಗುಂಪು ಕಟ್ಟಿಕೊಂಡು ಹೋಗಿ, ಮಧ್ಯಾಹ್ನದವರೆಗೂ ಸಿಕ್ಕುಬಿದ್ದ ದಾರ ಬಿಡಿಸುತ್ತ ಕುಳಿತು, ಸಂಜೆ ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಮರಳಿದ ಕಥೆಯನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಒಮ್ಮೆ ಸ್ವತಃ ಅನುಭವಿಸಿದ್ದೇನೆ ಕೂಡ. ಮಾವಳ ತಾಲ್ಲೂಕಿನ ಒಂದು ಕೆರೆಗೆ ನಾವು ಒಂಬತ್ತು ಜನ, ಏಳು ಕೋಲು ಹಿಡಿದು ಹೋಗಿದ್ದೆವು. ದಂಡೆಯಲ್ಲಿ ಮೂವರು ನಿಂತು ಬೀಸುವಷ್ಟು ಮಾತ್ರ ಜಾಗವಿತ್ತು. ಹತ್ತು ಗಂಟೆಯ ಹೊತ್ತಿಗೆ ಸ್ಥಳೀಯ ಮೀನುಗಾರರ ದೋಣಿ ಬಂತು, ನಮ್ಮ ದಾರ ಅವರ ಬಲೆಗೆ ತೊಡರಿಕೊಂಡಿರುವುದು ತಿಳಿಯಿತು, ಅವರು ಬೈಯಲೂ ಇಲ್ಲ. ಯಾರನ್ನು ಕೇಳಿ ಬಂದಿರಿ ಎಂದಷ್ಟೇ ವಿಚಾರಿಸಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇಂಥ ಪ್ರವಾಸಗಳು ಕೆಡುವುದು ಮೀನಿನ ಅಭಾವದಿಂದಲ್ಲ, ಕೈಚಳಕದ ಕೊರತೆಯಿಂದಲೂ ಅಲ್ಲ, ನಿರ್ಧಾರಗಳ ಕ್ರಮ ತಲೆಕೆಳಗಾಗಿರುವುದರಿಂದ. ಸಾಮಾನ್ಯವಾಗಿ ಮೊದಲು ದಿನ ಗೊತ್ತಾಗುತ್ತದೆ, ಆಮೇಲೆ ವಾಹನ, ಆಮೇಲೆ ಕೋಲು ಖರೀದಿ, ಆಮೇಲೆ ಕೆರೆ; ಅನುಮತಿಯ ನೆನಪು ದಂಡೆಯ ಮೇಲೆ ನಿಂತಾಗ ಬರುತ್ತದೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಕೆರೆ, ನಂತರ ಅನುಮತಿ, ನಂತರ ದಂಡೆ ಎಷ್ಟು ಕೋಲುಗಳನ್ನು ತಾಳುತ್ತದೆ ಎಂಬ ಲೆಕ್ಕ, ಆ ಲೆಕ್ಕದಿಂದ ಜನ, ಜನರಿಂದ ದಿನ. ಈ ಬರಹ ಅದೇ ಕ್ರಮದಲ್ಲಿದೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ಹುಳು ಅಥವಾ ಹಿಟ್ಟು ಸಿಕ್ಕಿಸಿದ ಮಾಮೂಲು ಗಾಳದಲ್ಲಿ ಸೀಸದ ಗುಂಡಿನ ತೂಕ ಮುಂದೆ ಹಾರಿ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಗರಿ, ನೂಲು, ಕೂದಲುಗಳಿಂದ ಕೊಕ್ಕೆಯ ಮೇಲೆ ಕಟ್ಟಿದ ಹುಸಿ ಕೀಟ. ಅದಕ್ಕೆ ತೂಕವೇ ಇಲ್ಲ. ಇಲ್ಲಿ ದಾರವೇ ತೂಕ. ಆ ದಾರ ಮುಂದೆ ಹೋಗಬೇಕಾದರೆ ಮೊದಲು ಅಷ್ಟೇ ಉದ್ದಕ್ಕೆ ಬೆನ್ನ ಹಿಂದೆ ಚಾಚಿಕೊಳ್ಳಬೇಕು. ಹಾಗಾಗಿ ಫ್ಲೈ ಗಾಳಕ್ಕೆ ಮುಂದಿರುವ ನೀರಿನಷ್ಟೇ ಹಿಂದಿರುವ ಬಯಲೂ ಮುಖ್ಯ. ಗುಂಪಿನ ಬಹುತೇಕ ತೊಂದರೆಗಳು ಈ ಒಂದು ಸಂಗತಿಯನ್ನು ಮರೆಯುವುದರಿಂದ ಹುಟ್ಟುತ್ತವೆ.

ಹಂತ 1: ಕೆರೆಯನ್ನು ಕಣ್ಣಾರೆ ನೋಡಿ ಆರಿಸುವುದು

ಪವನಾ, ಮುಳಶಿ, ಪಾನ್‌ಶೇತ್, ವರಸಗಾಂವ್ ಮೊದಲಾದವು ದೊಡ್ಡ ಜಲಾಶಯಗಳು. ತೆರೆದ ನೀರಿನ ಮೇಲೆ ಗಾಳಿ ಓಡಿ ಅಲೆ ಏಳುತ್ತದೆ, ಮೀನು ಎಲ್ಲಿದೆ ಎಂದು ಹುಡುಕುವುದಕ್ಕೇ ಒಂದು ದಿನ ಸಾಲದು, ಹೊಸಬರು ಎಸೆಯುವ ಹತ್ತು ಮೀಟರ್ ದೂರ ಅಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಗುಂಪಿನ ಮೊದಲ ಪ್ರವಾಸಕ್ಕೆ ತಕ್ಕವು ಸಣ್ಣ ಕೆರೆಗಳು: ಸಣ್ಣ ನೀರಾವರಿ ಕಟ್ಟೆಗಳು, ಇಲ್ಲಿಯವರು ಪಾಝರ್ ತಲಾವ್ ಎಂದು ಕರೆಯುವ ಜಿನುಗು ಕೆರೆಗಳು, ಮೀನು ಸಾಕಿ ಶುಲ್ಕಕ್ಕೆ ಗಾಳ ಹಾಕಲು ಬಿಡುವ ಖಾಸಗಿ ಹೊಂಡಗಳು. ನಗರದೊಳಗಿನ ಪಾಷಾಣ ಕೆರೆಯಂಥವು ಹತ್ತಿರವಿದ್ದರೂ ಚರಂಡಿ ನೀರು ಮತ್ತು ಅಂತರಗಂಗೆಯ ಕಾಟದಿಂದಾಗಿ ನಾನು ಯಾರಿಗೂ ಸೂಚಿಸುವುದಿಲ್ಲ.

ಉಪಗ್ರಹ ನಕ್ಷೆಯಲ್ಲಿ ಮೂರು ಕೆರೆಗಳನ್ನು ಗುರುತಿಸಿಕೊಳ್ಳಿ, ಆದರೆ ನಕ್ಷೆಯನ್ನು ನಂಬಿ ನಿರ್ಧರಿಸಬೇಡಿ. ಅಕ್ಟೋಬರಿನಲ್ಲಿ ತೆಗೆದ ಚಿತ್ರದಲ್ಲಿ ತುಂಬಿ ತುಳುಕುವ ಕೆರೆ ಏಪ್ರಿಲ್‌ನಲ್ಲಿ ಕೆಸರಿನ ತಟ್ಟೆಯಾಗಿರುತ್ತದೆ. ಪ್ರವಾಸಕ್ಕೆ ಎರಡು ಮೂರು ವಾರ ಮೊದಲು ಇಬ್ಬರು ಬೈಕಿನಲ್ಲಿ ಹೋಗಿ ನೋಡಿ ಬರಬೇಕು. ಹೋಗುವಾಗ ಕೋಲು ಒಯ್ಯಬಾರದು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಕೋಲು ಕೈಯಲ್ಲಿದ್ದರೆ ಕಣ್ಣು ನೀರಿನ ಮೇಲಷ್ಟೇ ಇರುತ್ತದೆ.

ದಂಡೆಯ ಮೇಲೆ ನಡೆಯುತ್ತ ಹೆಜ್ಜೆ ಎಣಿಸಿ. ಬೆನ್ನ ಹಿಂದೆ ಹದಿಮೂರು ಮೀಟರ್‌ನಷ್ಟು ಬಯಲು ಇರುವ ಜಾಗಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ಮೀಟರ್ ದಾರ ಮತ್ತು ಕೋಲಿನ ಉದ್ದ ಸೇರಿದರೆ ಅಷ್ಟಾಗುತ್ತದೆ. ಕರಿಜಾಲಿ, ಬೇಲಿಯ ತಂತಿ, ಕಬ್ಬಿನ ಗದ್ದೆ, ಕಟ್ಟೆಯ ಏರಿಯ ಇಳಿಜಾರು ಇವೆಲ್ಲ ಹಿಂದಕ್ಕೆ ಬೀಸಿದ ಕೊಕ್ಕೆಯನ್ನು ಹಿಡಿದುಕೊಳ್ಳುತ್ತವೆ. ನಂತರ ತಲೆ ಎತ್ತಿ ನೋಡಿ. ವಿದ್ಯುತ್ ತಂತಿ ಹಾದುಹೋಗಿದ್ದರೆ ಆ ಕಡೆಯ ದಂಡೆಯನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಇಂದಿನ ಫ್ಲೈ ಕೋಲುಗಳು ಬಹುತೇಕ ಗ್ರಾಫೈಟಿನವು. ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುತ್ತದೆ. ಮರದಲ್ಲಿ ಅಥವಾ ಬಂಡೆಯ ಸಂದಿಯಲ್ಲಿ ಹೆಜ್ಜೇನಿನ ಗೂಡಿದ್ದರೆ ಆ ಕೆರೆಯ ಆಸೆಯನ್ನೇ ಬಿಡುವುದು ಒಳ್ಳೆಯದು.

ನೀರಿನ ಮೇಲೆ ಥರ್ಮಾಕೋಲ್ ತುಂಡುಗಳ ಅಥವಾ ಖಾಲಿ ಪ್ಲಾಸ್ಟಿಕ್ ಬಾಟಲಿಗಳ ಸಾಲು ತೇಲುತ್ತಿದೆಯೇ ಎಂದು ನೋಡಿ. ಅದು ಕಸವಲ್ಲ, ಕೆಳಗೆ ಬಲೆ ಹರಡಿರುವುದರ ಗುರುತು. ಆ ಕೆರೆಗೆ ಒಡೆಯರಿದ್ದಾರೆ ಎಂಬುದರ ಗುರುತೂ ಅದೇ. ನಾವು ಒಂಬತ್ತು ಜನ ಅದನ್ನು ಕಸವೆಂದೇ ತಿಳಿದಿದ್ದೆವು.

ಕೃಷಿ ಹೊಂಡಗಳ ಬಗ್ಗೆ ಒಂದು ಎಚ್ಚರಿಕೆ. ಇಲ್ಲಿ ಶೇತತಳೆ ಎನ್ನುವ ಈ ಹೊಂಡಗಳಿಗೆ ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಇಳಿಜಾರಿನ ಆ ಹಾಳೆ ಪಾಚಿ ಕಟ್ಟಿ ಸೋಪಿನಂತೆ ಜಾರುತ್ತದೆ. ಈಜು ಬಲ್ಲವರೂ ಬಿದ್ದರೆ ಹತ್ತಿ ಬರಲಾರರು. ಮಾಲೀಕರು ಎಷ್ಟೇ ಪ್ರೀತಿಯಿಂದ ಕರೆದರೂ ಹಗ್ಗದ ಏಣಿಯಾಗಲಿ ಟ್ಯೂಬಾಗಲಿ ಇಲ್ಲದ ಅಂಥ ಹೊಂಡಕ್ಕೆ ಗುಂಪನ್ನು ಒಯ್ಯಬೇಡಿ.

ಹಂತ 2: ಕೆರೆ ಯಾರದ್ದು ಎಂದು ತಿಳಿದು ಅನುಮತಿ ಪಡೆಯುವುದು

ಒಂದೇ ಕೆರೆಗೆ ಮೂರು ಬಗೆಯ ಹಕ್ಕುದಾರರಿರಬಹುದು ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ. ನೀರು ಮತ್ತು ಕಟ್ಟೆ ಜಲಸಂಪನ್ಮೂಲ ಇಲಾಖೆಯದೋ ಜಿಲ್ಲಾ ಪರಿಷತ್ತಿನದೋ ಆಗಿರುತ್ತದೆ. ಮೀನಿನ ಹಕ್ಕು ಗುತ್ತಿಗೆಯ ಮೇಲೆ ಮೀನುಗಾರರ ಸಹಕಾರಿ ಸಂಘಕ್ಕೆ ಅಥವಾ ಠೇಕೆದಾರರಿಗೆ ಹೋಗಿರುತ್ತದೆ. ನೀವು ನಿಲ್ಲುವ ದಂಡೆ ಯಾರೋ ರೈತರ ಹೊಲವಾಗಿರುತ್ತದೆ. ಅದರ ಒಡೆಯರು ಯಾರೆಂಬುದು ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ನಮ್ಮ ಕಡೆಯ ಪಹಣಿಯಂಥ ದಾಖಲೆಯಲ್ಲಿ, ಇರುತ್ತದೆ. ಆದರೆ ಊರ ಚಹಾ ಅಂಗಡಿಯಲ್ಲಿ ಕೇಳಿದರೆ ಇದಕ್ಕಿಂತ ಬೇಗ ತಿಳಿಯುತ್ತದೆ.

ನಾನು ಪಾಲಿಸುವ ಕ್ರಮ ಹೀಗಿದೆ. ಮೊದಲು ಊರಿನ ಗ್ರಾಮ ಪಂಚಾಯಿತಿಗೆ ಹೋಗಿ ಕೆರೆಯ ಗುತ್ತಿಗೆ ಯಾರ ಬಳಿ ಇದೆ ಎಂದು ವಿಚಾರಿಸುತ್ತೇನೆ. ಅವರು ಹೇಳಿದ ಸಂಘದವರನ್ನು ಖುದ್ದಾಗಿ ಕಂಡು, ಎಷ್ಟು ಜನ, ಎಷ್ಟು ಕೋಲು, ಯಾವ ಹೊತ್ತು, ಹಿಡಿದ ಮೀನನ್ನು ಬಿಡುತ್ತೇವೆಯೋ ಒಯ್ಯುತ್ತೇವೆಯೋ ಎಂಬುದನ್ನು ಹೇಳುತ್ತೇನೆ. ಶುಲ್ಕ ನಿಗದಿಯಾದ ಮೇಲೆ ದಿನಾಂಕ ಮತ್ತು ಕೋಲುಗಳ ಸಂಖ್ಯೆ ನಮೂದಾದ ರಸೀದಿ ಪಡೆಯುತ್ತೇನೆ. ಬಾಯಿಮಾತಿನ ಒಪ್ಪಿಗೆ ಸಾಲದು. ಒಪ್ಪಿದವರು ಅಂದು ಊರಲ್ಲಿಲ್ಲದಿದ್ದರೆ ದೋಣಿಯಲ್ಲಿ ಬಂದವರಿಗೆ ನೀವು ಅಪರಿಚಿತರೇ. ಕೊನೆಯದಾಗಿ ಹೊಲದ ಒಡೆಯರನ್ನು ಕಂಡು, ವಾಹನ ಎಲ್ಲಿ ನಿಲ್ಲಿಸಬೇಕು, ಯಾವ ಬದುವಿನ ಮೇಲೆ ನಡೆಯಬೇಕು ಎಂದು ಕೇಳಿಕೊಳ್ಳುತ್ತೇನೆ. ಮಾತು ಮರಾಠಿಯಲ್ಲೇ ಆಗಲಿ. ಅರೆಬರೆ ಮರಾಠಿಗೆ ಸಿಗುವ ಸ್ನೇಹ ಸರಾಗ ಹಿಂದಿಗೆ ಸಿಗುವುದಿಲ್ಲ.

ಕೆಲವು ನೀರುಗಳ ವಿಷಯವೇ ಬೇರೆ. ಮುಳಶಿ, ಠೋಕರವಾಡಿ, ಲೋಣಾವಳಾದ ವಳವಣ ಕೆರೆಗಳು ಟಾಟಾ ಪವರ್ ಕಂಪನಿಯ ಜಲವಿದ್ಯುತ್ ವ್ಯವಸ್ಥೆಗೆ ಸೇರಿದವು. ಅಲ್ಲಿ ಕಂಪನಿಯ ಅನುಮತಿಯಿಲ್ಲದೆ ಗಾಳದ ಮಾತೇ ಇಲ್ಲ. ಖಡಕವಾಸಲಾದ ಒಂದು ದಂಡೆಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ, ಆ ಕಡೆ ಸುಳಿಯಲೇಬಾರದು. ಅಭಯಾರಣ್ಯದ ಗಡಿಯೊಳಗಿನ ನೀರಿನಲ್ಲಿ ಗಾಳ ಹಾಕಿದರೆ ಅದು ವನ್ಯಜೀವಿ ಕಾನೂನಿನ ಉಲ್ಲಂಘನೆಯಾಗುತ್ತದೆ. ಮುಂಬಯಿಯ ಗೆಳೆಯರು ಪೊವಾಯಿ ಕೆರೆಯನ್ನು ಸೂಚಿಸುವುದುಂಟು. ಅಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಇದೆ, ಅದರ ಮೂಲಕವೇ ಹೋಗಬೇಕು. ಜೊತೆಗೆ ಅಲ್ಲಿ ಮೊಸಳೆಗಳೂ ಇವೆ, ಆದ್ದರಿಂದ ನೀರಂಚಿನಲ್ಲಿ ನಿಂತು ಬೀಸುವ ಹೊಸಬರ ಗುಂಪಿಗೆ ಅದು ತಕ್ಕ ಜಾಗವಲ್ಲ.

ಅನುಮತಿ ಕೇಳಿದಾಗ ಉತ್ತರ ನುಣುಚಿಕೊಳ್ಳುವಂತಿದ್ದರೆ, ಅಥವಾ ರಸೀದಿ ಬೇಡ ಹಾಗೇ ಬನ್ನಿ ಎಂದರೆ, ಎರಡನೆಯ ಕೆರೆಗೆ ಹೋಗಿ. ಮೂರು ಕೆರೆ ಗುರುತಿಸಿಕೊಂಡಿರಿ ಎಂದು ಹೇಳಿದ್ದು ಇದಕ್ಕೇ.

ಹಂತ 3: ದಂಡೆಯಿಂದ ಕೋಲು, ಕೋಲಿನಿಂದ ಜನ

ಬಳಸಬಹುದಾದ ದಂಡೆಯನ್ನು ಇಪ್ಪತ್ತು ಇಪ್ಪತ್ತು ಮೀಟರ್‌ಗಳಾಗಿ ಭಾಗಿಸಿ. ಎಷ್ಟು ಭಾಗವಾಯಿತೋ ಅಷ್ಟೇ ಕೋಲು. ಎಂಬತ್ತು ಮೀಟರ್ ಸಿಕ್ಕರೆ ನಾಲ್ಕು ಕೋಲು, ಐದನೆಯದಿಲ್ಲ. ಸುತ್ತಳತೆಯಲ್ಲಿ ಕೆರೆ ಎಷ್ಟೇ ದೊಡ್ಡದಿರಲಿ, ಹಿಂದೆ ಬಯಲಿಲ್ಲದ ದಂಡೆಗೆ ಬೆಲೆಯಿಲ್ಲ.

ಪ್ರತಿ ಕೋಲಿಗೆ ಇಬ್ಬರು. ಒಬ್ಬರು ಬೀಸುತ್ತಾರೆ, ಇನ್ನೊಬ್ಬರು ಪಕ್ಕಕ್ಕೆ ಸರಿದು ನಿಂತು ಹಿಂಬದಿ ಕಾಯುತ್ತಾರೆ: ದನ ಬಂತೇ, ಮಗು ಓಡಿಬಂತೇ, ದಾರ ಪೊದೆಗೆ ಸಿಕ್ಕಿತೇ. ಇಪ್ಪತ್ತು ನಿಮಿಷಕ್ಕೊಮ್ಮೆ ಅದಲುಬದಲು. ಈ ಜೋಡಿ ಪದ್ಧತಿಯನ್ನು ಮೊದಲು ಹೇಳಿದಾಗ ನಮ್ಮವರು ಮುಖ ಸಿಂಡರಿಸಿದ್ದರು, ದುಡ್ಡು ಕೊಟ್ಟು ಕೋಲು ತಂದವರು ಕಾವಲು ನಿಲ್ಲಬೇಕೇ ಎಂದು. ಆದರೆ ಹೊಸಬರ ತೋಳು ಇಪ್ಪತ್ತು ನಿಮಿಷಕ್ಕೇ ಸೋಲುತ್ತದೆ, ಸೋತ ತೋಳಿನ ಬೀಸಿನಲ್ಲಿಯೇ ಕೊಕ್ಕೆ ಕಿವಿಗೆ ಬೀಳುವುದು. ಇನ್ನೊಬ್ಬರ ತಪ್ಪನ್ನು ಬದಿಯಿಂದ ನೋಡಿದವರು ತಮ್ಮದನ್ನು ಬೇಗ ತಿದ್ದಿಕೊಳ್ಳುತ್ತಾರೆ ಎಂಬುದು ಮೇಲಿನ ಲಾಭ.

ಹಾಗಾಗಿ ನಾಲ್ಕು ಕೋಲಿನ ಕೆರೆಗೆ ಎಂಟು ಜನ. ಅವರಲ್ಲಿ ಕನಿಷ್ಠ ಇಬ್ಬರಿಗೆ ಫ್ಲೈ ಗಾಳದ ಅಭ್ಯಾಸವಿರಬೇಕು, ಒಬ್ಬರಿಗೆ ಚೆನ್ನಾಗಿ ಈಜು ಬರಬೇಕು. ಚಿಕ್ಕ ಮಕ್ಕಳನ್ನು ಮೊದಲ ಸಲಕ್ಕೆ ಕರೆದೊಯ್ಯದಿರುವುದು ವಾಸಿ. ಒಂಬತ್ತನೆಯವರಿಗೆ ಮುಂದಿನ ಸಲ ಎಂದು ಹೇಳುವ ಧೈರ್ಯ ಮುಂದಾಳಿಗೆ ಇಲ್ಲದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಹಂತ 4: ದಿನ ಮತ್ತು ಹೊತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಘಟ್ಟದ ಮಳೆಗೆ ನೀರು ಕೆಂಪಾಗಿ ಫ್ಲೈ ಮೀನಿಗೆ ಕಾಣುವುದಿಲ್ಲ, ಅನೇಕ ಮೀನುಗಳಿಗೆ ಅದು ಮೊಟ್ಟೆಯಿಡುವ ಕಾಲ, ಸಾಲದ್ದಕ್ಕೆ ಮಾವಳ ಮುಳಶಿ ಭಾಗದ ನೀರಿನ ತಾಣಗಳಿಗೆ ಜಿಲ್ಲಾಡಳಿತ ನಿರ್ಬಂಧ ಹೇರುತ್ತಿರುತ್ತದೆ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ನೀರು ತಿಳಿಯಾಗಿರುತ್ತದೆ. ಮಾರ್ಚ್ ನಂತರವೂ ಮೀನು ಸಿಗುತ್ತದೆ, ಆದರೆ ಇಳಿದ ನೀರಿನ ಸುತ್ತ ಕೆಸರು ಬಾಯಿ ತೆರೆದಿರುತ್ತದೆ, ಬಿಸಿಲು ಜನರನ್ನು ಕಂಗೆಡಿಸುತ್ತದೆ.

ಹೊತ್ತಿನ ಆಯ್ಕೆಯನ್ನು ಗಾಳಿ ಮಾಡುತ್ತದೆ. ಪುಣೆಯ ಸುತ್ತ ಚಳಿಗಾಲದ ಮುಂಜಾವು ನಿಶ್ಚಲ; ಬಿಸಿಲೇರಿದಂತೆ ಗಾಳಿ ಏಳುತ್ತದೆ, ಬೇಸಿಗೆಯಲ್ಲಂತೂ ಮಧ್ಯಾಹ್ನದ ನಂತರ ಪಡುವಣ ಗಾಳಿ ಜೋರಾಗಿರುತ್ತದೆ. ಡಿಸೆಂಬರ್ ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳರ ಆಸುಪಾಸು. ಆರೂವರೆಗೆ ದಂಡೆ ತಲುಪಿ, ಹತ್ತೂವರೆಗೆ ಗಾಳ ಎತ್ತಿ, ಬುತ್ತಿ ಬಿಚ್ಚಿ, ಮಧ್ಯಾಹ್ನಕ್ಕೆ ಮನೆಯ ದಾರಿ ಹಿಡಿಯುವಂತೆ ಯೋಜಿಸಿ. ಇಡೀ ದಿನದ ಪ್ರವಾಸ ಮಾಡಿದವರು ಅರ್ಧ ದಿನ ಗಾಳಿಯೊಂದಿಗೆ ಜಗಳವಾಡಿರುತ್ತಾರೆ.

ಹಂತ 5: ಸಾಧನಗಳು

ಕೋಲು ಮತ್ತು ದಾರಕ್ಕೆ ಒಂದೇ ಸಂಖ್ಯೆ ಇರಬೇಕು ಎಂಬುದು ಮೊದಲ ಪಾಠ. ಸಣ್ಣ ಕೆರೆಗೆ 5 ಅಥವಾ 6ನೆಯ ಸಂಖ್ಯೆಯ, ಒಂಬತ್ತು ಅಡಿ ಉದ್ದದ, ನಾಲ್ಕು ತುಂಡುಗಳ ಕೋಲು ಸಾಕು. ಆ ಸಂಖ್ಯೆ ಹೇಳುವುದು ದಾರದ ಮುಂಭಾಗದ ತೂಕವನ್ನು: 5ನೆಯ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಆರೇಳು ಮೀಟರ್ ದಾರವನ್ನಷ್ಟೇ ಹೊರಬಿಟ್ಟರೆ ತೂಕ ಸಾಲದೆ ಕೋಲು ಬಾಗುವುದಿಲ್ಲ. ಹೊಸಬರು ಆಗ ಕೋಲನ್ನು ಬೈಯುತ್ತಾರೆ. ಹತ್ತಿರಕ್ಕೇ ಬೀಸುವವರು 5ನೆಯ ಕೋಲಿಗೆ 6ನೆಯ ದಾರ ಹಾಕಿಕೊಂಡರೆ ಕೋಲು ಮಾತು ಕೇಳುತ್ತದೆ. ದಾರ ತೇಲುವ ಬಗೆಯದಿರಲಿ, ಮುಂಭಾಗ ದಪ್ಪನೆಯದಿರಲಿ. ಮುಳುಗುವ ದಾರ ಈಗ ಬೇಡ.

ದಾರದ ತುದಿಗೆ ಒಂಬತ್ತು ಅಡಿಯ, ಬರಬರುತ್ತ ಸಪೂರವಾಗುವ ಲೀಡರ್ ಎಂಬ ನೈಲಾನ್ ಎಳೆ. ಅದರ ತುದಿಗೆ ಟಿಪೆಟ್, ಅಂದರೆ ಫ್ಲೈ ಕಟ್ಟುವ ಸಪೂರ ಎಳೆ. ಟಿಪೆಟ್ಟಿನ ದಪ್ಪವನ್ನು ಎಕ್ಸ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಎಳೆ ಸಪೂರ. 11ರಿಂದ ಎಕ್ಸ್ ಸಂಖ್ಯೆಯನ್ನು ಕಳೆದರೆ ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ ಸಿಗುತ್ತದೆ. 4 ಎಕ್ಸ್ ಎಂದರೆ 0.007 ಇಂಚು, ಸುಮಾರು 0.18 ಮಿಲಿಮೀಟರ್. ಜಿಲೇಬಿ ಮೀನು, ಗೆಂಡೆಗಳಿಗೆ 3 ಅಥವಾ 4 ಎಕ್ಸ್ ಸಾಕು. ಕುಚ್ಚು ಮೀನಿಗೆ ಸಪೂರ ಎಳೆ ನಡೆಯುವುದಿಲ್ಲ. ಗಿಡಗಂಟಿಯೊಳಗಿಂದ ಎಳೆಯಬೇಕಾದ್ದರಿಂದ ದಪ್ಪ ನೈಲಾನ್ ಬೇಕು.

ಕೊಕ್ಕೆಯ ಮೊನೆಯ ಹಿಂದೆ ಹಿಮ್ಮುಖವಾಗಿ ಚಾಚಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುವುದು ಗುಂಪಿನ ಪ್ರವಾಸದಲ್ಲಿ ಆಯ್ಕೆಯಲ್ಲ, ಕಡ್ಡಾಯ. ಹಿಂದಿನ ರಾತ್ರಿ ಮನೆಯಲ್ಲೇ ಮಾಡಿ, ಹಳೆಯ ಬಟ್ಟೆಗೆ ಚುಚ್ಚಿ ಹೊರತೆಗೆದು ನೋಡಿ. ಎಳೆ ಕಿತ್ತು ಬಂದರೆ ಮುಳ್ಳು ಇನ್ನೂ ಉಳಿದಿದೆ.

ಪ್ರತಿಯೊಬ್ಬರಿಗೂ ಕನ್ನಡಕ ಮತ್ತು ಅಂಚಿರುವ ಟೋಪಿ ಬೇಕೇ ಬೇಕು. ತಂಪು ಕನ್ನಡಕವಿಲ್ಲದಿದ್ದರೆ ಕಾರ್ಖಾನೆಯಲ್ಲಿ ಹಾಕುವ ಪಾರದರ್ಶಕ ರಕ್ಷಣಾ ಕನ್ನಡಕವೂ ಆದೀತು. ಬೀಸುವವರು ಮಾತ್ರವಲ್ಲ, ಕಾವಲು ನಿಂತವರೂ ಹಾಕಿಕೊಳ್ಳಬೇಕು. ಇಡೀ ಗುಂಪಿಗೆ ಸೇರಿ ಎರಡು ಲೈಫ್ ಜಾಕೆಟ್, ಇಪ್ಪತ್ತು ಮೀಟರ್ ತೇಲುವ ಹಗ್ಗ, ಉದ್ದ ಮೂತಿಯ ಇಕ್ಕಳ, ರಬ್ಬರ್ ಜಾಲರಿಯ ಕೈಬಲೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತುಂಡು ದಾರ ಹಾಕಲು ಒಂದು ಡಬ್ಬಿ.

ಇಲ್ಲಿ ಪದೇ ಪದೇ ಆಗುವ ಒಂದು ನಷ್ಟವಿದೆ. ಡೀಟ್ ಎಂಬ ರಾಸಾಯನಿಕವಿರುವ ಸೊಳ್ಳೆ ನಿವಾರಕವನ್ನು ಅಂಗೈಗೆ ಬಳಿದುಕೊಂಡು ದಾರ ಮುಟ್ಟಿದರೆ ದಾರದ ಪ್ಲಾಸ್ಟಿಕ್ ಲೇಪನ ಕರಗಿ ಅಂಟಂಟಾಗುತ್ತದೆ. ಅಂಗೈಯ ಹಿಂಬದಿಯಿಂದ ಬಳಿದುಕೊಳ್ಳಿ, ಅಥವಾ ತುಂಬು ತೋಳಿನ ಅಂಗಿ ತೊಡಿ. ಲೀಡರ್, ಟಿಪೆಟ್‌ಗಳನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ಬಿಸಿಲಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ.

ಹಂತ 6: ಮೈದಾನದಲ್ಲಿ ಎರಡು ಭಾನುವಾರ

ಬೀಸಲು ಕಲಿಯುವ ಜಾಗ ಕೆರೆಯಲ್ಲ, ಮೈದಾನ. ಕೋಥ್ರೂಡಿನಲ್ಲೋ ನಿಗಡಿಯಲ್ಲೋ ಬೆಳಿಗ್ಗೆ ಆರೂವರೆಗೆ, ಕ್ರಿಕೆಟ್ ಹುಡುಗರು ಬರುವ ಮುನ್ನ, ಹುಲ್ಲಿರುವ ಖಾಲಿ ಮೈದಾನ ಹುಡುಕಿಕೊಳ್ಳಿ. ಮಣ್ಣು ಕಲ್ಲಿನ ನೆಲ ದಾರದ ಲೇಪನವನ್ನು ಉಜ್ಜಿ ಹಾಳುಮಾಡುತ್ತದೆ. ಕೊಕ್ಕೆಯ ಬದಲು ಕೆಂಪು ಉಣ್ಣೆಯ ತುಂಡು ಕಟ್ಟಿ.

ಕೋಲನ್ನು ಗಡಿಯಾರದ ಮುಳ್ಳೆಂದು ಊಹಿಸಿಕೊಳ್ಳಿ: ಮುಂದೆ ಹತ್ತು ಗಂಟೆ, ಹಿಂದೆ ಒಂದು ಗಂಟೆ. ನಿಧಾನವಾಗಿ ಎತ್ತಿ, ವೇಗ ಹೆಚ್ಚಿಸುತ್ತ ಹೋಗಿ, ಒಂದು ಗಂಟೆಯಲ್ಲಿ ಥಟ್ಟನೆ ನಿಲ್ಲಿಸಬೇಕು. ಆಮೇಲೆ ಕಾಯಬೇಕು. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಏನನ್ನೂ ಮಾಡದಿರುವುದೇ ಈ ವಿದ್ಯೆಯ ಅತ್ಯಂತ ಕಷ್ಟದ ಭಾಗ. ಮೊದಮೊದಲು ಕತ್ತು ತಿರುಗಿಸಿ ನೋಡಿದರೆ ಅವಮಾನವೇನಿಲ್ಲ. ದಾರ ನೇರವಾದಾಗ ಮುಂದಕ್ಕೆ ಬೀಸಿ ಹತ್ತು ಗಂಟೆಯಲ್ಲಿ ನಿಲ್ಲಿಸಿ.

ತಪ್ಪುಗಳು ಸದ್ದಿನಿಂದಲೇ ತಿಳಿಯುತ್ತವೆ. ಹಿಂದೆ ಚಾಟಿ ಬೀಸಿದಂತೆ ಫಟ್ ಎಂದರೆ ನೀವು ಕಾಯಲಿಲ್ಲ. ಕೆರೆಯಲ್ಲಾದರೆ ಆ ಸದ್ದಿಗೆ ಫ್ಲೈ ಕಡಿದುಹೋಗಿರುತ್ತದೆ. ಹಿಂದೆ ನೆಲಕ್ಕೆ ಸರಕ್ಕನೆ ತಾಗಿದರೆ ಮಣಿಕಟ್ಟು ಸಡಿಲಬಿಟ್ಟು ಕೋಲನ್ನು ಮೂರು ಗಂಟೆಗೆ ಮಲಗಿಸಿದ್ದೀರಿ. ಲೀಡರಿನಲ್ಲಿ ತಾನಾಗಿಯೇ ಗಂಟು ಬೀಳುತ್ತಿದ್ದರೆ ಗಾಳಿಯನ್ನು ದೂರಬೇಡಿ, ಆರಂಭದಲ್ಲೇ ಝಾಡಿಸಿ ಬಲ ಹಾಕಿದ್ದರ ಫಲ ಅದು. ಆ ಗಂಟಿದ್ದ ಎಳೆ ಬಹಳ ದುರ್ಬಲವಾಗಿರುತ್ತದೆ, ಕತ್ತರಿಸಿ ಹೊಸದು ಕಟ್ಟಿ.

ಎರಡನೆಯ ಭಾನುವಾರ ಉರುಳು ಬೀಸು ಕಲಿಯಿರಿ. ದಾರವನ್ನು ಹಿಂದಕ್ಕೆ ಹಾರಿಸದೆ, ಕಿವಿಯ ಪಕ್ಕದಲ್ಲಿ ಕಮಾನಿನಂತೆ ಇಳಿಬಿಟ್ಟು, ಮುಂದಕ್ಕೆ ಉರುಳಿಸುವ ಕ್ರಮವಿದು. ಬೆನ್ನ ಹಿಂದೆ ಪೊದೆಯಿರುವಲ್ಲಿ ಇದೊಂದೇ ದಾರಿ. ಆದರೆ ಇದಕ್ಕೆ ನೀರಿನ ಹಿಡಿತ ಬೇಕು, ಹುಲ್ಲಿನ ಮೇಲೆ ಅರ್ಧದಷ್ಟೇ ಬರುತ್ತದೆ; ಅದರಿಂದ ಎದೆಗುಂದಬೇಡಿ. ಗಂಟುಗಳೂ ಅಂದೇ ಕೈಗೆ ಬರಲಿ. ಎರಡು ಸಾಕು, ಎಳೆಗೆ ಎಳೆ ಜೋಡಿಸಲು ಸರ್ಜನ್ ಗಂಟು, ಫ್ಲೈ ಕಟ್ಟಲು ಕ್ಲಿಂಚ್ ಗಂಟು. ಬಿಗಿಯುವ ಮುನ್ನ ಉಗುಳು ಸವರಬೇಕು. ಒಣ ಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ನೈಲಾನ್ ಸುಟ್ಟುಹೋಗುತ್ತದೆ.

ಹತ್ತು ಮೀಟರ್ ದೂರದ ಟವೆಲ್ ಮೇಲೆ ಹತ್ತರಲ್ಲಿ ಐದು ಸಲ ಉಣ್ಣೆ ಬೀಳಿಸಿದವರು ಕೆರೆಗೆ ಸಿದ್ಧ.

ಹಂತ 7: ಯಾವ ಮೀನಿಗೆ ಯಾವ ಫ್ಲೈ

ಜಿಲೇಬಿ ಮೀನು, ಇಲ್ಲಿಯವರ ಚಿಲಾಪಿ, ಹೊಸಬರ ಪಾಲಿನ ದೇವರು. ದಂಡೆಯಂಚಿನ ಆಳವಿಲ್ಲದ ನೀರಿನಲ್ಲಿ ತಟ್ಟೆಯಾಕಾರದ ಗುಳಿಗಳು ಕಂಡರೆ ಅವು ಅದರ ಗೂಡುಗಳು. 10ರಿಂದ 12ನೆಯ ಅಳತೆಯ (ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು) ಕಂದು ಅಥವಾ ಹಸಿರು ನಿಂಫ್ ಫ್ಲೈಯನ್ನು, ಅಂದರೆ ನೀರೊಳಗಿನ ಮರಿಕೀಟದಂತೆ ಕಟ್ಟಿದ್ದನ್ನು, ಮುಳುಗಲು ಬಿಟ್ಟು, ಬೆರಳಿನಿಂದ ಒಂದೊಂದೇ ಗೇಣು ದಾರ ಎಳೆದುಕೊಳ್ಳಿ. ಸಣ್ಣ ಪಕ್ಕೆ ಮೀನುಗಳಿಗೆ 14ನೆಯ ಅಳತೆಯ ತೇಲುವ ಫ್ಲೈ ಸಾಕು. ಅವು ಕಿರುಬೆರಳುದ್ದವೇ ಇರಬಹುದು, ಆದರೆ ಗುಂಪಿನ ಉತ್ಸಾಹ ಕಾಯುವುದು ಅವೇ. ರೋಹು, ಕಾಟ್ಲಾಗಳು ಫ್ಲೈಗೆ ಸುಲಭವಾಗಿ ಬೀಳುವುದಿಲ್ಲ. ಅವು ಪಾಚಿ ಮತ್ತು ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವಂಥವು. ಅವನ್ನೇ ಹಿಡಿಯುತ್ತೇನೆಂದು ಹೊರಟರೆ ಬರಿಗೈ.

ಕುಚ್ಚು ಮೀನು, ಮರಾಠಿಯ ಮರಳ, ತಾವರೆ ಎಲೆ ಮತ್ತು ಜೊಂಡಿನ ಅಂಚಿನಲ್ಲಿರುತ್ತದೆ. ಗಾಳಿ ನುಂಗಲು ಮೇಲೆ ಬಂದಾಗ ಗುಳುಕ್ ಎನ್ನುವ ಸದ್ದಿನಿಂದ ಗೊತ್ತಾಗುತ್ತದೆ. ಕಪ್ಪೆಯಂತೆ ತೇಲುವ ದೊಡ್ಡ ಫ್ಲೈಗೆ ಎರಗುತ್ತದೆ. ಆದರೆ ನೀರಿನ ಮೇಲ್ಮೈಯಲ್ಲಿ ಕೆಂಪನೆಯ ಸಣ್ಣ ಮರಿಗಳ ಉಂಡೆಯೊಂದು ಕುದಿಯುವಂತೆ ಚಲಿಸುತ್ತಿದ್ದರೆ ಅಲ್ಲಿಗೆ ಬೀಸಬೇಡಿ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಕಾವಲಿನ ಸಿಟ್ಟಿಗೆ ಯಾವುದನ್ನಾದರೂ ಕಚ್ಚುತ್ತವೆ. ಅವನ್ನು ಎತ್ತಿದ ಕೆಲವೇ ಹೊತ್ತಿನಲ್ಲಿ ಮರಿಗಳು ಬೇರೆ ಮೀನಿನ ಪಾಲು. ಸುಲಭದ ಬೇಟೆ ಎಂದು ಇದನ್ನೇ ಹುಡುಕುವವರನ್ನು ನಾನು ಎರಡನೆಯ ಸಲ ಕರೆದಿಲ್ಲ.

ಹಂತ 8: ದಂಡೆಯ ಮೇಲೆ ಮೊದಲ ಅರ್ಧ ಗಂಟೆ

ಇಳಿದ ಕೂಡಲೇ ಕೋಲು ಜೋಡಿಸಲು ಬಿಡಬೇಡಿ. ಮುಂದಾಳು ಎಲ್ಲರನ್ನೂ ದಂಡೆಯ ಉದ್ದಕ್ಕೆ ನಡೆಸಿ ಪ್ರತಿ ಜೋಡಿಯ ಗಡಿಯನ್ನು ಕಲ್ಲಿಟ್ಟು ತೋರಿಸಬೇಕು, ಹಗ್ಗ ಮತ್ತು ಜಾಕೆಟ್ ಮಧ್ಯದ ಜೋಡಿಯ ಬಳಿ ಇಡಬೇಕು, ಬಲೆಗಳ ಗುರುತು ತೋರಿಸಬೇಕು.

ಯಾರು ಎಲ್ಲಿ ಎಂಬುದನ್ನು ಗಾಳಿ ನೋಡಿ ಹಂಚಿ. ಬಲಗೈಯವರಿಗೆ ಬಲದಿಂದ ಗಾಳಿ ಬೀಸಿದರೆ ಕೊಕ್ಕೆ ಮುಖದ ಕಡೆಗೆ ತಳ್ಳಲ್ಪಡುತ್ತದೆ. ಅಂಥ ದಂಡೆಯಲ್ಲಿ ಎಡಗೈಯವರನ್ನು ನಿಲ್ಲಿಸಿ. ಅವರಿಲ್ಲದಿದ್ದರೆ ನೀರಿಗೆ ಬೆನ್ನು ಹಾಕಿ ನಿಂತು, ಹಿಂದಕ್ಕೆ ಬೀಸಿದ ದಾರವನ್ನೇ ನೀರಿಗಿಳಿಸುವ ಉಪಾಯ ಬಲ್ಲವರನ್ನು ನಿಲ್ಲಿಸಿ. ಹೊಸಬರಿಗೆ ಬೆನ್ನ ಹಿಂದಿನಿಂದ ಅಥವಾ ಎಡದಿಂದ ಗಾಳಿ ಬರುವ ಜಾಗವನ್ನು ಕೊಡಿ.

ಯಾರೂ ಬೀಸುವವರ ಹಿಂದೆ ನಡೆಯಬಾರದು. ಹಾಯಲೇಬೇಕಾದರೆ ಕೂಗಬೇಕು, ಕಾವಲಿನವರು ಸರಿ ಎಂದ ಮೇಲೆಯೇ ಹಾಯಬೇಕು. ನಾವು ಬಂದೆ ಎಂದು ಕೂಗುತ್ತೇವೆ. ಬಾ ಎಂಬ ಉತ್ತರ ಬರುವವರೆಗೆ ಕಾಲು ಕೀಳುವಂತಿಲ್ಲ. ಮೊದಲ ಹತ್ತು ನಿಮಿಷ ದಂಡೆಗೆ ಹತ್ತಿರದ ಐದು ಮೀಟರ್ ನೀರಿಗೇ ಬೀಸಿ. ದೂರಕ್ಕೆ ಬೀಸುವ ಆತುರದಲ್ಲಿ ಕಾಲಬುಡದ ಮೀನನ್ನು ಓಡಿಸುವುದು ಎಲ್ಲರೂ ಮಾಡುವ ತಪ್ಪು.

ಹಂತ 9: ಅಪಾಯದ ಸೂಚನೆಗಳು

ನೀರಿಗೆ ಇಳಿಯುವುದನ್ನು ಪೂರ್ತಿ ನಿಷೇಧಿಸಿ. ಸಿಕ್ಕಿಬಿದ್ದ ಒಂದು ಫ್ಲೈ ಬಿಡಿಸಲು ಹೋಗಿ ಕೆಸರಿಗೆ ಸಿಲುಕುವವರೇ ಹೆಚ್ಚು. ನೀರು ಹಿಂದೆ ಸರಿದ ದಂಡೆಯಲ್ಲಿ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಅಂಬಲಿಯಂಥ ಕೆಸರಿರುತ್ತದೆ. ಎಮ್ಮೆಯ ಗೊರಸಿನ ಗುರುತುಗಳನ್ನು ನೋಡಿ: ಗುಳಿಯಲ್ಲಿ ನೀರು ಜಿನುಗಿ ನಿಂತಿದ್ದರೆ ಅದಕ್ಕಿಂತ ಮುಂದೆ ಹೆಜ್ಜೆ ಇಡಬೇಡಿ.

ಜಲವಿದ್ಯುತ್ತಿಗೋ ನೀರಾವರಿಗೋ ನೀರು ಬಿಡುವ ಕಟ್ಟೆಗಳಲ್ಲಿ ಮಟ್ಟ ಗಂಟೆಗಳಲ್ಲಿ ಬದಲಾಗಬಹುದು. ಬಂದ ಕೂಡಲೇ ನೀರಂಚಿನಲ್ಲಿ ಕಡ್ಡಿ ನೆಟ್ಟು ಆಗಾಗ ನೋಡುತ್ತಿರಿ. ತೂಬು, ಕೋಡಿಗಳ ಹತ್ತಿರ ಯಾರೂ ನಿಲ್ಲಬಾರದು. ಗುಡುಗು ಕೇಳಿಸಿದರೆ ಮಿಂಚಿಗಾಗಿ ಕಾಯದೆ ಕೋಲನ್ನು ನೆಲಕ್ಕೆ ಮಲಗಿಸಿ ವಾಹನದೊಳಗೆ ಹೋಗಿ. ಕಲ್ಲಿನ ಏರಿಯ ಸಂದಿಗಳಿಗೆ ಕೈಹಾಕಬೇಡಿ, ಚಳಿಗಾಲದ ಬೆಳಿಗ್ಗೆ ಹಾವುಗಳು ಬಿಸಿಲು ಕಾಯಲು ಅಲ್ಲಿಗೇ ಬರುತ್ತವೆ.

ಕೊಕ್ಕೆ ಚುಚ್ಚಿದಾಗ ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮುಳ್ಳು ಒತ್ತಿದ ಸಣ್ಣ ಕೊಕ್ಕೆ ಕೈ ಕಾಲಿನ ಚರ್ಮಕ್ಕೆ ಚುಚ್ಚಿದ್ದರೆ ಬಂದ ದಾರಿಯಲ್ಲೇ ಹೊರಬರುತ್ತದೆ. ತೊಳೆದು, ಟೆಟನಸ್ ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಅಂದೇ ಹಾಕಿಸಿಕೊಳ್ಳಿ. ಕಣ್ಣು, ಕತ್ತು, ಕೀಲುಗಳಿಗೆ ಚುಚ್ಚಿದ್ದರೆ ಎಳೆಯಲೇಬಾರದು. ದಾರ ಕತ್ತರಿಸಿ, ಕಣ್ಣಿಗಾದರೆ ಒತ್ತಡ ಬೀಳದಂತೆ ಕಾಗದದ ಲೋಟ ಕವುಚಿ ಅಂಟಿಸಿ, ಆಸ್ಪತ್ರೆಗೆ ಹೊರಡಿ. ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿಗೆ 108, ಇತರ ತುರ್ತಿಗೆ 112. ಘಟ್ಟದ ಅಂಚಿನ ಅನೇಕ ಕೆರೆಗಳಲ್ಲಿ ಮೊಬೈಲ್ ಸಂಕೇತ ಸಿಗದ ಕಾರಣ, ಎಲ್ಲಿಗೆ ನಡೆದರೆ ಸಿಗುತ್ತದೆ ಎಂಬುದನ್ನು ಕೆರೆ ನೋಡಲು ಹೋದಾಗಲೇ ಗುರುತಿಸಿಟ್ಟುಕೊಂಡಿರಬೇಕು.

ಹಂತ 10: ಮೀನು ಸಿಕ್ಕ ಮೇಲೆ

ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣ ಕೈ ಮೀನಿನ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ, ಆಮೇಲೆ ಅದಕ್ಕೆ ಸೋಂಕು ತಗಲುತ್ತದೆ. ಕೊಕ್ಕೆಯನ್ನು ನೀರಿನೊಳಗೇ ಇಕ್ಕಳದಿಂದ ಬಿಡಿಸಿ. ಫೋಟೋ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ ಎತ್ತಿ, ನೀವು ಉಸಿರು ಹಿಡಿದುಕೊಳ್ಳಬಲ್ಲಷ್ಟು ಹೊತ್ತಿನೊಳಗೆ ನೀರಿಗಿಳಿಸಿ. ಎಂಟು ಜನ ಎಂಟು ಮೊಬೈಲ್ ಹಿಡಿದು ನಿಂತರೆ ಆ ಮೀನು ಉಳಿಯುವುದಿಲ್ಲ. ಮಹಶೀರ್ ಸಿಕ್ಕರೆ ಮರುಮಾತಿಲ್ಲದೆ ಬಿಡಬೇಕು; ಅದರ ಮರಿಗಳನ್ನು ಟಾಟಾ ಪವರ್‌ನವರ ವಳವಣದ ಮೀನುಮರಿ ಕೇಂದ್ರದಲ್ಲಿ ದಶಕಗಳಿಂದ ಸಾಕಿ ಬಿಡುತ್ತಿರುವುದು ಗಾಳದವರ ಬಾಣಲೆಗಲ್ಲ. ಜಿಲೇಬಿ ಮೀನು ಹೊರಗಿನಿಂದ ಬಂದು ಹಬ್ಬಿದ್ದು, ಅದನ್ನು ಒಯ್ಯಬಹುದೇ ಎಂಬುದನ್ನು ಮಾತ್ರ ಸಂಘದವರ ರಸೀದಿ ತೀರ್ಮಾನಿಸಲಿ.

ಹಂತ 11: ಹೊರಡುವಾಗ

ಕತ್ತರಿಸಿದ ನೈಲಾನ್ ತುಂಡುಗಳನ್ನು ಡಬ್ಬಿಯಲ್ಲಿ ಎಣಿಸುವಷ್ಟು ನಿಷ್ಠೆಯಿಂದ ಹೆಕ್ಕಿ ತನ್ನಿ; ಬೆಳ್ಳಕ್ಕಿ ಮತ್ತು ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುವುದು ಅವೇ. ಖರ್ಚನ್ನು ದಂಡೆಯ ಮೇಲೆಯೇ ಹಂಚಿ ಮುಗಿಸಿ, ಮನೆಗೆ ಹೋದ ಮೇಲೆ ಅದು ಮುಗಿಯುವುದಿಲ್ಲ. ಹೋಗುವ ಮುನ್ನ ಸಂಘದವರನ್ನು ಕಂಡು ಏನು ಸಿಕ್ಕಿತು, ಎಷ್ಟು ಬಿಟ್ಟೆವು ಎಂದು ಹೇಳಿ.

ಮನೆಯಲ್ಲಿ ದಾರವನ್ನು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪು ಹಾಕಿ ಒರೆಸಿ, ದಾರ ಸುತ್ತಿರುವ ರಾಟೆಯಿಂದ (ರೀಲ್) ಸಡಿಲವಾಗಿ ಬಿಚ್ಚಿ ನೆರಳಿನಲ್ಲಿ ಒಣಗಿಸಿ. ಕೋಲನ್ನು ಒದ್ದೆಯಿರುವಾಗ ಚೀಲಕ್ಕೆ ತುಂಬಬೇಡಿ. ಅಂದೇ ರಾತ್ರಿ ಒಂದು ಪುಟದಲ್ಲಿ ದಂಡೆಯ ಚಿತ್ರ ಬರೆದು, ಯಾವ ಭಾಗದಲ್ಲಿ ಎಷ್ಟು ಬಯಲಿದೆ, ಗಾಳಿ ಎಷ್ಟು ಗಂಟೆಗೆ ಎದ್ದಿತು, ಯಾವ ಫ್ಲೈಗೆ ಏನು ಬಂತು ಎಂದು ಗುರುತು ಹಾಕಿಡಿ. ಬಾರದೆ ಉಳಿದ ಒಂಬತ್ತನೆಯವರನ್ನು ಮುಂದಿನ ಸಲ ಯಾವ ಭಾಗದಲ್ಲಿ ನಿಲ್ಲಿಸಬೇಕೆಂದು ಆ ಪುಟ ನೋಡಿಯೇ ಹೇಳಬಹುದು.